ಹಾಕಿ ಆಡಿದ ಕೈಗೆ ಗಾಲ್ಫ್ ಸ್ವಿಂಗ್ ಕಲಿಸಿದ್ದು

ಚೆಂಡು ಸರಿಯಾಗಿ ಹೋಗದಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು. ಕೊಡಗಿನ ಬಿಟ್ಟಂಗಾಲದ ಗಾಲ್ಫ್ ಕೋರ್ಸ್‌ನಲ್ಲಿ ಚೀಲ ಹೊರುವ ಕ್ಯಾಡಿ ಹುಡುಗನೂ "ತಲೆ ಎತ್ತಬೇಡಿ ಸಾರ್" ಅನ್ನುತ್ತಲೇ ಇದ್ದ. ತಲೆ ಬಗ್ಗಿಸಿಯೇ ಹೊಡೆದರೂ ಡ್ರೈವ್, ಅಂದರೆ ದೂರಕ್ಕೆ ಹೊಡೆಯುವ ಮೊದಲ ಏಟು, ಬಲಕ್ಕೆ ಬಾಗಿ ಮರಗಳ ನಡುವೆ ಬೀಳುತ್ತಿತ್ತು. ಆಗ ಮೈಯನ್ನು ಬಿಟ್ಟು ಚೆಂಡು ಹೋಗುವ ರೀತಿಯನ್ನೇ ಗಮನಿಸತೊಡಗಿದೆ. ಸ್ಲೈಸ್, ಅಂದರೆ ಹೀಗೆ ಬಲಕ್ಕೆ ಬಾಗುವ ಏಟು, ಅರ್ಥವಾಗಿದ್ದು ಅಲ್ಲಿಂದ.

ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದು ಹೆಚ್ಚಾಗಿ ತಾಗುವ ಕ್ಷಣದಲ್ಲಿ ಕ್ಲಬ್‌ಫೇಸ್, ಅಂದರೆ ಗಾಲ್ಫ್ ಕೋಲಿನ ಹೊಡೆಯುವ ಮುಖ, ಎತ್ತ ನೋಡುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಆಮೇಲೆ ಬಾಗುವುದು, ಫೇಸ್‌ಗೂ ಕ್ಲಬ್ ಬೀಸಿಬರುವ ದಾರಿಗೂ ಇರುವ ವ್ಯತ್ಯಾಸದಿಂದ. ನನ್ನ ಚೆಂಡು ಸ್ವಲ್ಪ ಎಡಕ್ಕೆ ಹೊರಟು ಬಲಕ್ಕೆ ತಿರುಗುತ್ತಿತ್ತು. ಅಂದರೆ ಕ್ಲಬ್ ಹೊರಗಿನಿಂದ ಒಳಕ್ಕೆ, ಚೆಂಡಿನ ಆಚೆ ಬದಿಯಿಂದ ಮೈಯ ಕಡೆಗೆ ಬರುತ್ತಿದೆ, ಫೇಸ್ ಆ ದಾರಿಗಿಂತ ಬಲಕ್ಕೆ ತೆರೆದುಕೊಂಡಿದೆ. ಸ್ಲೈಸ್ ಹೆದರಿಕೆಗೆ ಇನ್ನೂ ಎಡಕ್ಕೆ ಗುರಿಯಿಟ್ಟು ನಿಂತರೆ ದಾರಿ ಮತ್ತಷ್ಟು ಒಳಕ್ಕೆ ಎಳೆಯುತ್ತದೆ, ಸ್ಲೈಸ್ ಜಾಸ್ತಿಯೇ ಆಗುತ್ತದೆ.

ಮೊದಲು ತಿದ್ದಿದ್ದು ಗ್ರಿಪ್, ಕ್ಲಬ್ ಹಿಡಿಯುವ ರೀತಿ. ಕೊಡಗಿನ ಹುಡುಗರಿಗೆ ಕೈಗೆ ಮೊದಲು ಸಿಗುವುದು ಹಾಕಿ ಸ್ಟಿಕ್, ಅಲ್ವಾ? ಅದರ ಚಪ್ಪಟೆ ಬದಿಯನ್ನು ಗುರಿಗೇ ಹಿಡಿದು ತಳ್ಳುವ ಅಭ್ಯಾಸ ನನ್ನ ಕೈಗಿತ್ತು, ಗಾಲ್ಫ್‌ನಲ್ಲಿ ಮುಂಗೈ ತಿರುಗುತ್ತಲೇ ಇರಲಿಲ್ಲ. ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಮೇಲಿಂದ ನೋಡಿದರೆ ಎರಡು ಮೂರು ಗೆಣ್ಣು ಕಾಣುವ ಹಾಗೆ ಹಿಡಿದೆ. ಮೊದಮೊದಲು ತೀರಾ ವಿಚಿತ್ರ ಅನಿಸುತ್ತದೆ, ಆದರೂ ಬಿಡಬಾರದು. ಬಿಗಿಯಾಗಿ ಹಿಡಿಯುವುದೂ ಬೇಡ, ತೋಳು ಕಲ್ಲಾದರೆ ಫೇಸ್ ಮುಚ್ಚುವುದೇ ಇಲ್ಲ.

ಕ್ಲಬ್ ಬೀಸಿಬರುವ ದಾರಿ ತಿದ್ದಿಕೊಂಡಿದ್ದು ಹೆಡ್‌ಕವರ್‌ನಿಂದ, ಅಂದರೆ ದೂರ ಹೊಡೆಯುವ ಕ್ಲಬ್ ಡ್ರೈವರ್‌ನ ತಲೆಗೆ ಹಾಕುವ ಚೀಲದಿಂದ. ಅದನ್ನು ಚೆಂಡಿನ ಆಚೆ ಬದಿಗೆ, ಒಂದಿಷ್ಟು ಹಿಂದೆ ಇಡಬೇಕು. ಭುಜದಿಂದ ಹೊಡೆಯಲು ಹೋದರೆ ಕ್ಲಬ್ ಅದಕ್ಕೆ ಬಡಿಯುತ್ತದೆ. ಸೊಂಟ ಮೊದಲು ತಿರುಗಿ ಕೈ ಹಿಂದೆ ಇಳಿದರೆ ಮಾತ್ರ ತಪ್ಪುತ್ತದೆ. ಯಾರೂ ಪಕ್ಕದಲ್ಲಿ ನಿಂತು ಹೇಳಬೇಕಾಗಿಲ್ಲ.

ಐರನ್‌ನಲ್ಲಿ, ಅಂದರೆ ತೆಳು ಲೋಹದ ತಲೆಯ ಕ್ಲಬ್‌ನಲ್ಲಿ, ಬೇರೆ ತೊಂದರೆ, ಚೆಂಡಿಗೆ ಮೊದಲೇ ಕ್ಲಬ್ ಮಣ್ಣು ಕೆರೆಯುವುದು. ಮಳೆಗಾಲದ ಒದ್ದೆ ನೆಲದಲ್ಲಿ ಇದು ಒಂದಿಷ್ಟೂ ಮಾಫಿಯಿಲ್ಲದ ತಪ್ಪು. ಮನೆಯ ಹಿಂದಿನ ಹುಲ್ಲಿನ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದು, ಚೆಂಡಿಲ್ಲದೆ ಸುಮ್ನೆ ಬೀಸುತ್ತಿದ್ದೆ. ಕ್ಲಬ್ ಹುಲ್ಲು ಕಿತ್ತ ಗಾಯ ಗೆರೆಯಿಂದ ಗುರಿಯ ಕಡೆಗೆ ಶುರುವಾಗಬೇಕು, ನನ್ನದು ಗೆರೆಗೆ ಒಂದು ಗೇಣು ಹಿಂದೆಯೇ ಇರುತ್ತಿತ್ತು. ಭಾರ ಬಲಗಾಲಲ್ಲೇ ಉಳಿದುಬಿಡುತ್ತಿತ್ತು, ಚೆಂಡನ್ನು ಮೇಲೆತ್ತುವ ಆಸೆಯಿಂದ. ಎತ್ತುವ ಕೆಲಸ ಕ್ಲಬ್‌ನ ಲಾಫ್ಟ್‌ಗೆ, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನಕ್ಕೆ ಬಿಟ್ಟು, ಹೊಡೆದು ಮುಗಿದಾಗ ಬಲಗಾಲಿನ ಹಿಮ್ಮಡಿ ಪೂರ್ತಿ ಎದ್ದಿರುವಂತೆ ಮಾಡಿಕೊಂಡೆ. ನಿಧಾನವಾಗಿ ಗಾಯ ಗೆರೆ ದಾಟಿತು. ಚೆಂಡಿನ ಮಂಡೆ ಸವರಿಹೋಗುವ ಏಟುಗಳಲ್ಲೂ ಅರ್ಧದಷ್ಟು ಇದರಿಂದಲೇ ಹೋದವು.

ನಮ್ಮ ಕಡೆಯ ಕೋರ್ಸ್‌ಗಳಲ್ಲಿ ಏರಿಳಿತ ಜಾಸ್ತಿ. ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಬಲಗೈಯವರಿಗೆ ಎಡಕ್ಕೆ ಎಳೆಯುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಅದು ಇಳಿಜಾರಿನ ಗುಣ. ಅಲ್ಲಿ ಗ್ರಿಪ್ ಮುಟ್ಟಬೇಡಿ, ಗುರಿಯನ್ನಷ್ಟೇ ಸರಿಸಿ ಹೊಡೆಯಿರಿ.