ತಪ್ಪಿದ ಲೆಕ್ಕ ತೋರಿಸಿ ಪೋಸ್ಟ್‌ಡಾಕ್ ಸಿಕ್ಕಿದ್ದು

ಪಿಎಚ್‌ಡಿಯ ಕೊನೇ ವರ್ಷದಲ್ಲಿ ನನಗೊಂದು ವಿಚಿತ್ರ ಫಲಿತಾಂಶ ಬಂತು. ವಯಸ್ಸಾದ, ತೆಳ್ಳಗಿನ ಹೆಂಗಸರ ತೊಡೆಮೂಳೆ ನನ್ನ ಲೆಕ್ಕದಲ್ಲಿ ಅದೇ ವಯಸ್ಸಿನ ದಪ್ಪಗಿರುವವರ ಮೂಳೆಗಿಂತ ಗಟ್ಟಿಯಾಗಿತ್ತು. ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದೆ. ಮೈಭಾರ ಹೊತ್ತು ಹೊತ್ತು ಮೂಳೆ ಗಟ್ಟಿಯಾಗುತ್ತದೆ. ನನಗೋ ಖುಷಿ, ಇನ್ನೇನು ಒಂದು ಪೇಪರ್ ಆಯ್ತು ಅಂದುಕೊಂಡೆ. ಗೈಡ್ ಗ್ರಾಫ್ ನೋಡಿ, "ಬರೆಯೋದು ಆಮೇಲಮ್ಮ, ಮೊದಲು ಆ ಸ್ಕ್ಯಾನಿಂಗ್ ರೂಮಿಗೆ ಒಂದ್ಸಲ ಹೋಗಿ ಬಾ" ಅಂದರು.

ನಾನು ಮಾಡುವ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಸಿಟಿ ಸ್ಕ್ಯಾನ್ ಚಿತ್ರದ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಇರುತ್ತದೆ, ಹೌನ್ಸ್‌ಫೀಲ್ಡ್ ಯೂನಿಟ್ ಅಂತ. ನೀರಿಗೆ 0, ಗಾಳಿಗೆ ಮೈನಸ್ 1000. ಮೂಳೆ ಗಟ್ಟಿಯಿದ್ದಷ್ಟೂ ಸಂಖ್ಯೆ ಮೇಲೆ. ಆ ಸಂಖ್ಯೆಯಿಂದ ಸಾಂದ್ರತೆ, ಸಾಂದ್ರತೆಯಿಂದ ಸ್ಟಿಫ್‌ನೆಸ್ (ಭಾರಕ್ಕೆ ಎಷ್ಟು ಬಗ್ಗದೆ ನಿಲ್ಲುತ್ತದೆ ಅನ್ನುವುದು) ಲೆಕ್ಕ ಹಾಕಿ, ಮೂಳೆಯನ್ನು ಲಕ್ಷಾಂತರ ಸಣ್ಣ ತುಂಡು ಮಾಡಿ, ಕಂಪ್ಯೂಟರಿನಲ್ಲೇ ಅದರ ಮೇಲೆ ಭಾರ ಹೇರಿ ನೋಡುವುದು. ಎಷ್ಟು ಭಾರ? ನಡೆಯುವಾಗ ಸೊಂಟದ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. ಬರ್ಲಿನ್ನಿನ ಶರಿಟೆ ಆಸ್ಪತ್ರೆಯ ಸಂಶೋಧಕರು ಸೆನ್ಸರ್ ಇರುವ ಕೃತಕ ಕೀಲನ್ನೇ ರೋಗಿಗಳಿಗೆ ಹಾಕಿ ಅಳೆದಿದ್ದಾರೆ. ಊಹೆಯ ಲೆಕ್ಕವಲ್ಲ.

ಸ್ಕ್ಯಾನಿಂಗ್ ರೂಮಿನ ಟೆಕ್ನಿಷಿಯನ್ ಅರ್ಧ ಕುಡಿದ ಚಹಾ ಪಕ್ಕಕ್ಕಿಟ್ಟು ನನ್ನ ಪಟ್ಟಿ ನೋಡಿದರು. ನೋಡುತ್ತಲೇ ನಕ್ಕರು. "ಇವ್ರೆಲ್ಲಾ ಸಣ್ಣ ಪೇಷಂಟು ಮೇಡಂ. ಸಣ್ಣಗಿದ್ರೆ ಕೆವಿ ಇಳಿಸ್ತೀವಿ. ಡೋಸ್ ಕಮ್ಮಿ ಆಗ್ಲಿ ಅಂತ." ಕೆವಿ ಅಂದರೆ ಎಕ್ಸ್‌-ರೇ ಟ್ಯೂಬಿಗೆ ಕೊಡುವ ಕಿಲೋವೋಲ್ಟ್. ದಪ್ಪ ಇರುವವರಿಗೆ 120, ತೆಳ್ಳಗಿರುವವರಿಗೆ 100. ಕೆವಿ ಇಳಿದರೆ ಅದೇ ಮೂಳೆ ಚಿತ್ರದಲ್ಲಿ ಇನ್ನೂ ಬೆಳ್ಳಗೆ ಕಾಣುತ್ತದೆ, ಸಂಖ್ಯೆ ಏರುತ್ತದೆ. ಸಂಖ್ಯೆಯಿಂದ ಸಾಂದ್ರತೆ ತೆಗೆಯಲು ನಾನು ಎಲ್ಲರಿಗೂ ಒಂದೇ ಸೂತ್ರ ಹಾಕಿದ್ದೆ. ಮುಂದೆ ಸಾಂದ್ರತೆಯಿಂದ ಸ್ಟಿಫ್‌ನೆಸ್ ತೆಗೆಯಲು, ತೊಡೆಮೂಳೆಯ ಕುತ್ತಿಗೆಯ ಭಾಗಕ್ಕೆ ನಾವು ಬಳಸುವ ಸೂತ್ರ 2003ರಲ್ಲಿ ಮಾರ್ಗನ್, ಬೈರಕ್ತಾರ್, ಕೀವನಿ ಎಂಬ ಸಂಶೋಧಕರು ಕೊಟ್ಟದ್ದು. ಅದರಲ್ಲಿ ಸಾಂದ್ರತೆಗೆ 1.49 ಘಾತ. ಅಂದರೆ ಸಾಂದ್ರತೆಯನ್ನು ಶೇ. 10ರಷ್ಟು ಜಾಸ್ತಿ ಓದಿದರೆ ಸ್ಟಿಫ್‌ನೆಸ್ ಶೇ. 15ರಷ್ಟು ಜಾಸ್ತಿ ಬರುತ್ತದೆ. ನಾನು ಕಂಡುಹಿಡಿದದ್ದು ಮೂಳೆಯ ಗುಟ್ಟಲ್ಲ, ಮೆಷಿನ್ನಿನ ಸೆಟ್ಟಿಂಗ್. ಸ್ಕ್ಯಾನ್ ಚಿತ್ರವಿರುವ ಡೈಕಾಮ್ ಫೈಲಿನ ಹೆಡರ್‌ನಲ್ಲಿ, ಅಂದರೆ ಚಿತ್ರದ ಜೊತೆಗಿರುವ ಮಾಹಿತಿಯಲ್ಲಿ, ಈ ಕೆವಿ ಎಷ್ಟು ಅಂತ ಹೇಳುವ ಕೆವಿಪಿ ಅನ್ನುವ ಒಂದು ಸಾಲು ಇರುತ್ತದೆ. ಮೂರು ವರ್ಷ ಆ ಫೈಲುಗಳ ಜೊತೆ ಬದುಕಿದ್ದೆ, ಒಮ್ಮೆಯೂ ಓದಿರಲಿಲ್ಲ!

ಸರಿಮಾಡಲು ಎರಡು ತಿಂಗಳು ಹಿಡಿಯಿತು. ಸ್ಕ್ಯಾನ್ ಮಾಡುವಾಗ ರೋಗಿಯ ಕೆಳಗೆ ಸಾಂದ್ರತೆ ಮೊದಲೇ ಗೊತ್ತಿರುವ, ಫ್ಯಾಂಟಮ್ ಅನ್ನುವ ಮಾದರಿ ತುಂಡು ಇಟ್ಟಿದ್ದರೆ ಸುಲಭವಾಗುತ್ತಿತ್ತು. ಇಟ್ಟಿರಲಿಲ್ಲ. ಹಾಗಾಗಿ ಅದೇ ಚಿತ್ರದಲ್ಲಿರುವ ಗಾಳಿ, ಕೊಬ್ಬು, ಸ್ನಾಯುಗಳನ್ನೇ ಅಳತೆಗೋಲು ಮಾಡಿಕೊಂಡು ಒಂದೊಂದು ಸ್ಕ್ಯಾನನ್ನೂ ಬೇರೆಬೇರೆಯಾಗಿ ತಾಳೆ ಹಾಕಿದೆ. ವ್ಯತ್ಯಾಸ ಹೆಚ್ಚುಕಮ್ಮಿ ಮಾಯವಾಯಿತು. ಪೇಪರೂ ಮಾಯ.

ಅಷ್ಟರಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ ಕೆಲಸ, ಹುಡುಕುವ ಹೊತ್ತು. 14 ಜನ ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೆ. ಎಲ್ಲದರಲ್ಲೂ ಅದೇ ಮಾತು: ನನಗೆ ಇಷ್ಟು ಸಾಫ್ಟ್‌ವೇರ್ ಗೊತ್ತು, ಇಷ್ಟು ಪೇಪರ್ ಇದೆ, ನಿಮ್ಮ ಕೆಲಸ ಬಹಳ ಇಷ್ಟ. ಇಬ್ಬರು ಉತ್ತರಿಸಿದರು, ಇಬ್ಬರೂ ಜಾಗ ಇಲ್ಲ ಅಂದರು. ನಿಜ ಹೇಳಬೇಕಂದ್ರೆ ಆ ಮೇಲ್ ಓದಿದ್ದರೆ ನಾನೂ ಉತ್ತರ ಕೊಡುತ್ತಿರಲಿಲ್ಲ. ನಾನು ಹೇಳಿಕೊಂಡಿದ್ದ ಓಪನ್‌ಸಿಮ್, ತ್ರೀಡಿ ಸ್ಲೈಸರ್ ಸಾಫ್ಟ್‌ವೇರ್ ಎರಡೂ ಪುಕ್ಕಟೆ ಸಿಗುತ್ತವೆ. ಈ ಕ್ಷೇತ್ರಕ್ಕೆ ಬರುವ ಎಲ್ಲರ ಬಯೋಡಾಟಾದಲ್ಲೂ ಅವು ಇದ್ದೇ ಇರುತ್ತವೆ.

ಎರಡನೇ ಸುತ್ತಿನಲ್ಲಿ ಐದೇ ಮೇಲ್. ಪ್ರತಿಯೊಂದರಲ್ಲೂ ಒಂದು ಚಿತ್ರ: ಸರಿಮಾಡುವ ಮುಂಚಿನ ಗ್ರಾಫ್, ಸರಿಮಾಡಿದ ಮೇಲಿನ ಗ್ರಾಫ್, ಕೆಳಗೆ ನಾಲ್ಕು ಸಾಲು. ಮೂವರು ಉತ್ತರಿಸಿದರು. ಯುರೋಪಿನ ಒಂದು ಗುಂಪಿನವರು ಇಂಟರ್‌ವ್ಯೂಗೆ ಕರೆದರು.

ಇಂಟರ್‌ವ್ಯೂನಲ್ಲಿ ಇಬ್ಬರು ಎಂಜಿನಿಯರ್, ಒಬ್ಬರು ಮೂಳೆ ಸರ್ಜನ್. ಎಂಜಿನಿಯರ್‌ಗಳು ಮೆಷ್ ಬಗ್ಗೆ, ಅಂದರೆ ಮೂಳೆಯನ್ನು ಸಣ್ಣ ತುಂಡು ಮಾಡಿದ ಬಗೆಯನ್ನು, ಕೇಳಿದರು, ಅದಕ್ಕೆ ತಯಾರಾಗಿದ್ದೆ. ಸರ್ಜನ್ ಸ್ಕ್ಯಾನಿನ ಒಂದು ಸ್ಲೈಸ್ ನಿಲ್ಲಿಸಿ, "ಇಲ್ಲಿ ಮೂಳೆ ಎಲ್ಲಿ ಮುಗಿಯುತ್ತೆ, ನೀವು ಹೇಗೆ ತೀರ್ಮಾನ ಮಾಡಿದಿರಿ?" ಅಂತ ಕೇಳಿದರು. ತೊಡೆಮೂಳೆಯ ಗುಂಡುತಲೆ, ಅದು ಕೂರುವ ಗೂಡು, ನಡುವೆ ಕೆಲವೇ ಮಿಲಿಮೀಟರ್ ಸಂದು. ವಯಸ್ಸಾದ ಎಷ್ಟೋ ಜನರಲ್ಲಿ ಕಾರ್ಟಿಲೇಜ್ (ಮೃದ್ವಸ್ಥಿ) ಸವೆದು ಅದೂ ಇರುವುದಿಲ್ಲ. ಒಂದೇ ಚುಕ್ಕಿಯಲ್ಲಿ ಅರ್ಧ ಮೂಳೆ ಅರ್ಧ ಸಂದು ಸೇರಿ ಬೂದುಬಣ್ಣ ಬರುತ್ತದೆ. ಸಾಫ್ಟ್‌ವೇರ್ ಎರಡೂ ಮೂಳೆಯನ್ನು ಅಂಟಿಸಿಬಿಡುತ್ತದೆ. "ಕೈಯಲ್ಲೇ ಗೆರೆ ಎಳೆದೆ ಸರ್, ಎರಡು ವಾರ ಬಿಟ್ಟು ಮತ್ತೆ ಎಳೆದೆ. ಎರಡೂ ಗೆರೆ ಒಂದಾಗಲಿಲ್ಲ, ಅಷ್ಟು ತಪ್ಪಿರಬಹುದು ಅಂತ ತೋರಿಸೋದೇ ಇಲ್ಲಿರೋ ಎರರ್ ಬಾರ್" ಅಂದೆ. ಉಳಿದ ಇಪ್ಪತ್ತು ನಿಮಿಷ ಪೂರ್ತಿ ಅವರದ್ದೇ ಮಾತು.

ಕೆಲಸ ಸಿಕ್ಕಿತು. ನಾನು ಕೇಳದೇ ಇದ್ದ ಒಂದು ಪ್ರಶ್ನೆಗೆ ಮಾತ್ರ ಬೆಲೆ ತೆತ್ತೆ. ಪ್ರಾಜೆಕ್ಟಿನ ಸ್ಕ್ಯಾನ್‌ಗಳು ಎಲ್ಲಿವೆ, ರೋಗಿಗಳ ಚಿತ್ರ ಬಳಸಲು ಎಥಿಕ್ಸ್ ಅನುಮತಿ ಆಗಿದೆಯಾ? ಹೋಗಿ ನೋಡಿದರೆ ಕಾಗದಪತ್ರ ಇನ್ನೂ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿತ್ತು. ಚಿತ್ರ ಕೈಗೆ ಬಂದದ್ದು ಏಳು ತಿಂಗಳ ನಂತರ. ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ ಏಳು ತಿಂಗಳು! ಸುಮ್ನೆ ಕೂರಬಾರದು ಅಂತ ಅಮೆರಿಕದ ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್‌ನ ಮಂಡಿ ಎಂಆರ್‌ಐ ತೆಗೆದುಕೊಂಡೆ. 4,796 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಸಂಗ್ರಹ ಅದು. ಸಂಶೋಧಕರು ಕೇಳಿ ಪಡೆಯಬಹುದು. ಸೊಂಟಕ್ಕೆ ಹೋದವಳು ಮಂಡಿಯಲ್ಲಿ ಒಂದು ಪೇಪರ್ ಮಾಡಿಕೊಂಡೆ.

ಯುರೋಪಿಯನ್ ಒಕ್ಕೂಟ ಸಂಶೋಧಕರಿಗೆ ಕೊಡುವ ಮೇರಿ ಕ್ಯೂರಿ ಫೆಲೋಶಿಪ್ ಮೇಲೆ ಕಣ್ಣಿರುವವರಿಗೆ ಇನ್ನೊಂದು ಮಾತು. ಅರ್ಜಿಯ ಕೊನೇ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಮೊದಲು ಪ್ರಾಜೆಕ್ಟ್ ಸಂಬಳದಲ್ಲಿ ಸೇರೋಣ, ಆಮೇಲೆ ಅಲ್ಲಿಂದಲೇ ಅರ್ಜಿ ಹಾಕೋಣ ಅಂದುಕೊಂಡರೆ ಇಳಿದ ದಿನದಿಂದಲೇ ಎಣಿಕೆ ಶುರು. ನಾನು ಹಾಗೆ ಒಂದು ಅವಕಾಶ ಕಳೆದುಕೊಂಡೆ.

ಕೊನೆಗೂ ಸ್ಕ್ಯಾನ್‌ಗಳು ಬಂದ ದಿನ ಅದೇ ಸರ್ಜನ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಒಂದೇ ತೊಡೆಮೂಳೆ, ಅವರೊಂದು ಗೆರೆ, ನಾನೊಂದು ಗೆರೆ. ಗೂಡಿನ ಹತ್ತಿರ ಎರಡು ಪಿಕ್ಸೆಲ್ ವ್ಯತ್ಯಾಸ. "ಯಾರದ್ದು ಸರಿ?" ಅಂದರು. ನಾನು ಹೆಡರ್ ತೆಗೆದು ಕೆವಿಪಿ ನೋಡುತ್ತಿದ್ದೆ.