ಕೋರ್ಟ್ ದೃಶ್ಯ ಬಂದಾಗ ಸಿನಿಮಾ ನಿಲ್ಲಿಸಿದೆವು

ಕಲಬುರಗಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಆಗಾಗ ಸಾಕ್ಷ್ಯಚಿತ್ರ ತೋರಿಸುತ್ತೇವೆ. ಡಿಗ್ರಿ ಓದುವ ಹುಡುಗ ಹುಡುಗಿಯರು, ಆಶಾ ಕಾರ್ಯಕರ್ತೆಯರು, ಒಬ್ಬಿಬ್ಬರು ವಕೀಲರು ಬರುತ್ತಾರೆ. ಈ ಸಲ ಫ್ರಾನಿ ಆರ್ಮ್‌ಸ್ಟ್ರಾಂಗ್ ಅವರ ‘ಮೆಕ್‌ಲೈಬೆಲ್’ ಹಾಕಿದೆವು.

ಲಂಡನ್ನಿನ ಹೆಲೆನ್ ಸ್ಟೀಲ್, ಡೇವ್ ಮಾರಿಸ್ ಮತ್ತು ಅವರ ಗೆಳೆಯರು ಮೆಕ್‌ಡೊನಾಲ್ಡ್ಸ್ ಎಂಬ ಬರ್ಗರ್ ಕಂಪನಿಯನ್ನು ಟೀಕಿಸಿ ಕರಪತ್ರ ಹಂಚಿದ್ದರು. 1990ರಲ್ಲಿ ಕಂಪನಿ ಐವರ ಮೇಲೆ ಮಾನನಷ್ಟದ ಕೇಸು ಹಾಕಿತು. ಮೂವರು ಕ್ಷಮೆ ಕೇಳಿ ಹೊರಬಂದರು. ಇವರಿಬ್ಬರು ಕೇಳಲಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದೆ ತಾವೇ ವಾದ ಮಾಡಿದರು. 1994ರಲ್ಲಿ ಶುರುವಾದ ವಿಚಾರಣೆ 1996ರ ಡಿಸೆಂಬರ್‌ವರೆಗೂ ಎಳೆಯಿತು.

ನಮ್ಮ ಜನಕ್ಕೆ ಅರ್ಥ ಮಾಡಿಸೋದು ಕಷ್ಟ ಅನಿಸಿದ್ದು ಕೋರ್ಟ್ ಭಾಗ. ಅದಕ್ಕೆ ಸಿನಿಮಾ ಹಾಕುವ ಮೊದಲೇ ಬೋರ್ಡಿನ ಮೇಲೆ ಎರಡೇ ಮಾತು ಬರೆದಿಟ್ಟೆ. ಒಂದು, ಬರೆದದ್ದು ನಿಜ ಅಂತ ಕರಪತ್ರ ಹಂಚಿದವರೇ ಸಾಬೀತು ಮಾಡಬೇಕು. ಎರಡು, ಇಂಥ ಕೇಸಿಗೆ ಅಲ್ಲಿ ಸರ್ಕಾರದ ಉಚಿತ ಕಾನೂನು ನೆರವು ಇರಲಿಲ್ಲ. ಕೊನೆವರೆಗೂ ಅಳಿಸಲಿಲ್ಲ.

ಇಂಗ್ಲೆಂಡಿನ ಕೋರ್ಟಿನೊಳಗೆ ಆಗ ಕ್ಯಾಮೆರಾ ಬಿಡುತ್ತಿರಲಿಲ್ಲ. ಹಾಗಾಗಿ ಕೋರ್ಟಿನ ದಾಖಲೆಯಲ್ಲಿದ್ದ ಸವಾಲು ಜವಾಬುಗಳನ್ನೇ ಇಟ್ಟುಕೊಂಡು ಇನ್ನೊಬ್ಬ ನಿರ್ದೇಶಕ ಕೆನ್ ಲೋಚ್ ಆ ದೃಶ್ಯಗಳನ್ನು ನಟರಿಂದ ಮಾಡಿಸಿದ್ದಾರೆ. ಅವರು ಮಾಡಿದ್ದನ್ನು ನಾವೂ ಯಾಕೆ ಮಾಡಬಾರದು? ಮುಖ್ಯವಾದ ಕೆಲವು ಸವಾಲು ಜವಾಬುಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಆ ದೃಶ್ಯ ಬಂದಾಗ ಸಿನಿಮಾ ನಿಲ್ಲಿಸಿ, ಲೈಟ್ ಹಾಕಿ, ಪ್ರೇಕ್ಷಕರಲ್ಲೇ ಇಬ್ಬರನ್ನು ಎಬ್ಬಿಸಿ ಓದಿಸಿದೆವು. ವಕೀಲರಿಗೆ ಹಾಳೆ ಕೊಡಲಿಲ್ಲ, ಅವರು ಕೈಗೆ ಸಿಕ್ಕರೆ ಬಿಡುವುದಿಲ್ಲ! ಆಶಾ ಕಾರ್ಯಕರ್ತೆಯೊಬ್ಬರು ಹೆಲೆನ್ ಪಾತ್ರ ಓದಿದರು. ಕಂಪನಿ ಸಾಕ್ಷಿ ಉತ್ತರ ತಪ್ಪಿಸಿದಾಗ ಹಾಳೆಯಲ್ಲಿ ಇಲ್ಲದ್ದನ್ನೂ ಸೇರಿಸಿ, "ಸೀದಾ ಹೇಳ್ರಿ ಸರ" ಅಂದುಬಿಟ್ಟರು. ಹಾಲ್ ತುಂಬ ನಗು.

ತೀರ್ಪಿನ ಹತ್ತಿರ ಬೇಕಂತಲೇ ಜಾಸ್ತಿ ಹೊತ್ತು ನಿಲ್ಲಿಸಿದೆ. 1997ರಲ್ಲಿ ಜಡ್ಜ್ ಇವರಿಬ್ಬರೂ ಕಂಪನಿಗೆ 60 ಸಾವಿರ ಪೌಂಡ್ ಪರಿಹಾರ ಕೊಡಬೇಕು ಅಂದರು. ಆದರೆ ಜಾಹೀರಾತಿನಲ್ಲಿ ಮಕ್ಕಳನ್ನು ಬಳಸಿಕೊಳ್ಳುವುದು, ಪ್ರಾಣಿಗಳಿಗಾಗುವ ಹಿಂಸೆ, ಕಡಿಮೆ ಸಂಬಳ, ಇವುಗಳ ಬಗ್ಗೆ ಕರಪತ್ರ ಹೇಳಿದ್ದು ಸರಿ ಅಂತಲೂ ಹೇಳಿದರು. "ಹಂಗಾದ್ರ ಗೆದ್ದವರು ಯಾರ್ರಿ?" ಅಂತ ಹಿಂದಿನಿಂದ ಒಬ್ಬ ಹುಡುಗ ಕೇಳಿದ. ಉತ್ತರ ನಾನು ಕೊಡಲಿಲ್ಲ, ಚರ್ಚೆ ತಾನಾಗೇ ಬಿಸಿಯಾಯಿತು. ಕಾನೂನು ನೆರವು ಸಿಗದ ಕಾರಣ ಈ ವಿಚಾರಣೆ ನ್ಯಾಯವಾಗಿರಲಿಲ್ಲ ಅಂತ 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದನ್ನು ಆಮೇಲೆ ತಿಳಿಸಿದೆ. ನಮ್ಮಲ್ಲಿ ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಅದನ್ನು ವಿವರಿಸುವ ಕೆಲಸ ಮಾತ್ರ ವಕೀಲರಿಗೇ ಬಿಟ್ಟೆ.

ನೀವೂ ಮಾಡುವುದಾದರೆ ಹಾಳೆಯಲ್ಲಿ ಅಕ್ಷರ ದಪ್ಪ ಇರಲಿ. ಕತ್ತಲಿಂದ ಒಮ್ಮೆಲೇ ಬೆಳಕಿಗೆ ಬಂದವರಿಗೆ ಸಣ್ಣಕ್ಷರ ಕಾಣುವುದಿಲ್ಲ.