ಹಳೆಯ ಕಂಪ್ಯೂಟರ್‌ಗೆ ಡೇಟಾಬೇಸ್ ಹಾಕುವ ಮುನ್ನ ಪ್ರೊಸೆಸರ್ ನೋಡಿಕೊಳ್ಳಿ

ಹಳೆಯ ಕಂಪ್ಯೂಟರ್‌ನಲ್ಲಿ ಡೇಟಾಬೇಸ್ ಅಳವಡಿಸುವವರು ಆಪರೇಟಿಂಗ್ ಸಿಸ್ಟಮ್‌ನ ಹೆಸರನ್ನಷ್ಟೇ ನೋಡಿ ಮುಂದುವರಿಯದೆ, ತಾವು ಬಳಸಲಿರುವ ಆವೃತ್ತಿಯ ಅಧಿಕೃತ ದಾಖಲೆಯಲ್ಲಿ ಪ್ರೊಸೆಸರ್ ಕುರಿತ ಷರತ್ತುಗಳನ್ನೂ ದಯವಿಟ್ಟು ಓದಿಕೊಳ್ಳಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2016ರ ಆವೃತ್ತಿಯಿಂದೀಚೆಗೆ 64 ಬಿಟ್ ಪ್ರೊಸೆಸರ್‌ಗಳಲ್ಲಿ ಮಾತ್ರ ನಡೆಯುತ್ತದೆ. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಮಾಂಗೋಡಿಬಿ ಎಂಬ ಇನ್ನೊಂದು ಡೇಟಾಬೇಸ್‌ನ 5.0 ಆವೃತ್ತಿಯ ಷರತ್ತು: ಇಂಟೆಲ್ ಅಥವಾ ಎಎಂಡಿ ಯಂತ್ರವಾದರೆ ಎವಿಎಕ್ಸ್ (ಹಲವು ಅಂಕಿಗಳನ್ನು ಒಂದೇ ಬಾರಿಗೆ ಲೆಕ್ಕಹಾಕುವ ಪ್ರೊಸೆಸರ್ ಆದೇಶಗಳ ಗುಂಪು) ಸೌಲಭ್ಯವಿರುವ ಪ್ರೊಸೆಸರ್ ಬೇಕೇ ಬೇಕು, ಇಂಟೆಲ್‌ನಲ್ಲಿ ಅದು ಬಂದದ್ದೇ 2011ರಲ್ಲಿ, ಆಮೇಲಿನ ಕೆಲವು ಸೆಲೆರಾನ್, ಪೆಂಟಿಯಂ ಪ್ರೊಸೆಸರ್‌ಗಳಲ್ಲೂ ಅದಿಲ್ಲ. ಇನ್‌ಸ್ಟಾಲ್ ತಕರಾರಿಲ್ಲದೆ ಮುಗಿದು, ಸರ್ವರ್ ಶುರುಮಾಡಿದ ಕ್ಷಣವೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರ್‌ಗೆ ತಿಳಿಯದ ಆದೇಶ) ಎಂದು ನಿಂತುಬಿಟ್ಟರೆ ಮೊದಲು ಇದನ್ನೇ ಪರೀಕ್ಷಿಸಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಆಜ್ಞೆ ಕೊಟ್ಟು, ಪ್ರೊಸೆಸರ್‌ನ ಸೌಲಭ್ಯಗಳನ್ನು ಪಟ್ಟಿಮಾಡುವ ಫ್ಲ್ಯಾಗ್‌ಗಳ (Flags) ಸಾಲಿನಲ್ಲಿ ಎವಿಎಕ್ಸ್ (avx) ಇದೆಯೇ ಎಂದು ನೋಡಿದರೆ ಸಾಕು. ಇಲ್ಲವಾದರೆ, ಹಿಂದಿನ ಆವೃತ್ತಿಗೆ ಮರಳುವ ಮೊದಲು ಅದಕ್ಕೆ ಭದ್ರತಾ ಅಪ್‌ಡೇಟ್‌ಗಳು ಇನ್ನೂ ಬರುತ್ತಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.